ಎಷ್ಟೊಂದು ಕುಜ್ನೆಟ್ಸೊವ್‌ಗಳು!

ಎಲ್ಲರಿಗೂ ನಮಸ್ಕಾರ.

ಇವತ್ತು ಕುಜ್ನೆಟ್ಸೊವ್‌ಗಳ ಬಗ್ಗೆ ಮಾತಾಡೋಣ. ರಷ್ಯಾದಲ್ಲಿ ಈ ಅಡ್ಡಹೆಸರು ನಮ್ಮ ಗೌಡ, ಪಾಟೀಲ ಇದ್ದ ಹಾಗೆ. ಎಲ್ಲಿ ಹೋದರೂ ಸಿಗುತ್ತಾರೆ. ಬರೀ ನಿಕೊಲಾಯ್ ಕುಜ್ನೆಟ್ಸೊವ್ ಅಂತ ಹುಡುಕಿದರೂ ಒಬ್ಬ ಅಡ್ಮಿರಲ್, ಒಬ್ಬ ಇಂಜಿನ್ ವಿನ್ಯಾಸಕ, ಒಬ್ಬ ಗೂಢಚಾರ ಒಟ್ಟಿಗೇ ಎದುರಾಗುತ್ತಾರೆ. ಕೊನೆಯ ಇಬ್ಬರು ಹುಟ್ಟಿದ್ದು ಒಂದೇ ವರ್ಷ, 1911ರಲ್ಲಿ. ಗುರುತು ಹಿಡಿಯಬೇಕಾದರೆ ಅಪ್ಪನ ಹೆಸರೇ ಗತಿ: ಗೆರಾಸಿಮೊವಿಚ್, ದ್ಮಿತ್ರಿಯೆವಿಚ್, ಇವಾನೊವಿಚ್. ಗೂಢಚಾರನನ್ನು ಇವತ್ತು ಬಿಟ್ಟುಬಿಡೋಣ. ಅವನ ಮೇಲೆ ಈಗಾಗಲೇ ಬೇಕಾದಷ್ಟು ಕಥೆಗಳಿವೆ.

ಉಳಿದವರನ್ನು ಒಟ್ಟಿಗೆ ನೋಡೋದಕ್ಕೆ ಒಂದು ಕಾರಣ ಇದೆ. ಸೋವಿಯತ್ ಒಕ್ಕೂಟದಲ್ಲಿ ಇದು ರಾಜಕೀಯ, ಇದು ಇಂಜಿನಿಯರಿಂಗ್ ಅಂತ ಗೆರೆ ಎಳೆಯುವುದು ಕಷ್ಟ. ಈ ಕುಜ್ನೆಟ್ಸೊವ್‌ಗಳು ಆ ಗೆರೆಯ ಆಚೆ ಈಚೆ ಓಡಾಡುತ್ತಲೇ ಬದುಕಿದರು. ಕೆಲವರು ಅದಕ್ಕೆ ಬೆಲೆಯನ್ನೂ ತೆತ್ತರು.

ವಾಸಿಲಿ ವಾಸಿಲ್ಯೆವಿಚ್ ಅವರನ್ನೇ ತೆಗೆದುಕೊಳ್ಳಿ. 1901ರಲ್ಲಿ ಹುಟ್ಟಿದವರು. ಓದಿದ್ದು ಲೋಹಶಾಸ್ತ್ರ. 1931ರಿಂದ 1933ರವರೆಗೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಕಾರ್ನೆಗಿ ತಾಂತ್ರಿಕ ಸಂಸ್ಥೆಯಲ್ಲಿ ಓದಿ ಬಂದರು. ಆಮೇಲೆ ಉಕ್ಕಿನ ಮನುಷ್ಯ ವಿದೇಶಾಂಗಕ್ಕೆ ಹೋದರು. 1955ರಿಂದ 1977ರವರೆಗೆ ವಿದೇಶಾಂಗ ಖಾತೆಯ ಮೊದಲ ಉಪಸಚಿವರು. 1962ರಲ್ಲಿ ಕ್ಯೂಬಾದ ಕ್ಷಿಪಣಿಗಳ ಗಲಾಟೆ ಆಯಿತಲ್ಲ, ಅದು ತಣ್ಣಗಾಗುವಾಗ ನ್ಯೂಯಾರ್ಕ್‌ನಲ್ಲಿ ಅಮೆರಿಕದವರ ಎದುರು ಕೂತು ಮಾತಾಡಿದ್ದು ಇವರೇ.

ಇನ್ನೂ ತಮಾಷೆ ಏನೆಂದರೆ, ಇವರು ಮೂರು ಸಲ ದೇಶದ ಹಂಗಾಮಿ ಮುಖ್ಯಸ್ಥರಾಗಿದ್ದರು. ಬ್ರೆಜ್ನೆವ್ ತೀರಿಕೊಂಡಾಗ ಒಂದು ಸಲ, ಆಂಡ್ರೊಪೊವ್ ತೀರಿಕೊಂಡಾಗ ಇನ್ನೊಂದು ಸಲ, ಚೆರ್ನೆಂಕೊ ತೀರಿಕೊಂಡಾಗ ಮತ್ತೊಂದು ಸಲ. 1982ರಿಂದ 1985ರೊಳಗೆ ಇಷ್ಟೂ ಆಯಿತು. ಆದರೂ ಹೊರಗಿನವರಿಗೆ ಇವರ ಹೆಸರೇ ಗೊತ್ತಿಲ್ಲ ಅಲ್ವಾ? ಅವತ್ತಿನ ದಿನಗಳಲ್ಲಿ ಅದು ಒಳ್ಳೆಯದೇ ಆಗಿತ್ತು ಅನ್ನಿಸುತ್ತದೆ.

ಯಾಕೆಂದರೆ ಅಲೆಕ್ಸೇಯ್ ಕುಜ್ನೆಟ್ಸೊವ್‌ಗೆ ಹೆಸರು ಜಾಸ್ತಿಯೇ ಬಂದಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಹಾಕಿದ್ದ ದಿನಗಳಲ್ಲಿ ಊರನ್ನು ಹಿಡಿದು ನಿಲ್ಲಿಸಿದ ಪಕ್ಷದ ಮುಖಂಡರಲ್ಲಿ ಒಬ್ಬರು. 1946ರಲ್ಲಿ ಕೇಂದ್ರ ಸಮಿತಿಯ ಕಾರ್ಯದರ್ಶಿಯಾದರು. 1949ರಲ್ಲಿ ಬಂಧನ, 1950ರ ಅಕ್ಟೋಬರ್ 1ರಂದು ಗುಂಡೇಟು. ಸ್ಟಾಲಿನ್ ಸತ್ತ ಮೇಲೆ, 1954ರಲ್ಲಿ, ನಿರಪರಾಧಿ ಅಂದರು.

ಅಡ್ಮಿರಲ್ ನಿಕೊಲಾಯ್ ಗೆರಾಸಿಮೊವಿಚ್ ಬದುಕುಳಿದರು, ಆದರೆ ಏರಿಳಿತ ನೋಡಿ. 1939ರಲ್ಲಿ, 34ನೇ ವಯಸ್ಸಿಗೇ, ನೌಕಾಪಡೆಯ ಮಂತ್ರಿ. 1941ರ ಜೂನ್‌ನಲ್ಲಿ ಜರ್ಮನರು ನುಗ್ಗುವುದಕ್ಕೆ ಕೆಲವೇ ಗಂಟೆ ಮೊದಲು ಹಡಗುಪಡೆಗಳನ್ನು ಪೂರ್ತಿ ಸಜ್ಜಾಗಿಸಿದರು. 1948ರಲ್ಲಿ ಸುಮ್ನೆ ಒಂದು ನೆಪ ಹಿಡಿದು ಪದವಿ ಇಳಿಸಿದರು. 1951ರಲ್ಲಿ ಮತ್ತೆ ಮಂತ್ರಿ. 1955ರಲ್ಲಿ ಸೆವಾಸ್ತೊಪೊಲ್ ಬಂದರಿನಲ್ಲಿ ನೊವೊರೊಸ್ಸಿಸ್ಕ್ ಯುದ್ಧನೌಕೆ ಸಿಡಿದು 600ಕ್ಕೂ ಹೆಚ್ಚು ಜನ ಸತ್ತರು. ಆಗ ಇವರು ಹೃದಯಾಘಾತವಾಗಿ ರಜೆಯಲ್ಲಿದ್ದರು. ಆದರೂ ತಪ್ಪು ಇವರ ತಲೆಗೇ ಬಂತು. 1974ರಲ್ಲಿ ತೀರಿಕೊಂಡರು, ಪದವಿ ವಾಪಸ್ ಸಿಕ್ಕಿದ್ದು 1988ರಲ್ಲಿ. ಅವರ ಹೆಸರಿನ ವಿಮಾನವಾಹಕ ನೌಕೆ ನಿಮಗೆ ಗೊತ್ತಿರಬಹುದು. ಅದು ಮೊದಲು ರಿಗಾ, ಆಮೇಲೆ ಬ್ರೆಜ್ನೆವ್, ಆಮೇಲೆ ತ್ಬಿಲಿಸಿ ಆಗಿ, ಕೊನೆಗೆ ಕುಜ್ನೆಟ್ಸೊವ್ ಆಯಿತು. ಯಾರ ಹೆಸರು ಯಾವಾಗ ನಡೆಯುತ್ತಿತ್ತು ಅನ್ನೋದು ಆ ಒಂದು ಹಡಗಿನಲ್ಲೇ ತಿಳಿಯುತ್ತದೆ.

ಈಗ ನನಗೆ ತುಂಬ ಇಷ್ಟದ ಮನುಷ್ಯ: ನಿಕೊಲಾಯ್ ದ್ಮಿತ್ರಿಯೆವಿಚ್. ಕುಯಿಬಿಶೆವ್, ಅಂದರೆ ಈಗಿನ ಸಮಾರಾದಲ್ಲಿ ಇಂಜಿನ್ ಮಾಡುತ್ತಿದ್ದರು. ಇವರ ಎನ್‌ಕೆ-12 ಇಂಜಿನ್ ಸುಮಾರು 15,000 ಅಶ್ವಶಕ್ತಿಯದು. ಒಂದೊಂದು ಇಂಜಿನ್‌ಗೂ ಎರಡು ಪ್ರೊಪೆಲರ್, ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ. ಕಾರವಾರದ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಹತ್ತಿರ ಟುಪೊಲೆವ್-142 ವಿಮಾನ ನಿಲ್ಲಿಸಿದ್ದಾರಲ್ಲ, ಅದರಲ್ಲಿ ಇರುವುದು ಇದೇ ಇಂಜಿನ್ ಕುಟುಂಬ. ನಮ್ಮ ನೌಕಾಪಡೆ ಆ ವಿಮಾನಗಳನ್ನು 1988ರಿಂದ 2017ರವರೆಗೆ ಹಾರಿಸಿತು.

ವಿಮಾನದ ಇಂಜಿನ್ ಮಾಡುವವರು ರಾಕೆಟ್‌ಗೆ ಬಂದಿದ್ದು ಒಂದು ಜಗಳದಿಂದ. ಚಂದ್ರನಿಗೆ ಹೋಗುವ ಎನ್-1 ರಾಕೆಟ್‌ಗೆ ಸೋವಿಯತ್ ರಾಕೆಟ್‌ಗಳ ಮುಖ್ಯ ವಿನ್ಯಾಸಕ ಕೊರೊಲೆವ್ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ ಬೇಕು ಅಂದರು. ರಾಕೆಟ್ ಇಂಜಿನ್‌ಗಳಲ್ಲಿ ಆಗ ದೊಡ್ಡ ಹೆಸರು ಗ್ಲುಷ್ಕೊ ಅವರದು. ಅವರು ಒಪ್ಪಲಿಲ್ಲ. ಕೊರೊಲೆವ್ ಕುಜ್ನೆಟ್ಸೊವ್ ಹತ್ತಿರ ಹೋದರು. ಮೊದಲ ಹಂತಕ್ಕೇ 30 ಇಂಜಿನ್. ಆ ಮೊದಲ ಇಂಜಿನ್‌ಗಳನ್ನು ಒಮ್ಮೆ ಉರಿಸಿದರೆ ಮತ್ತೆ ಬಳಸುವಂತಿರಲಿಲ್ಲ. ಹಾಗಾಗಿ ಪ್ರತಿ ಕಂತಿನಲ್ಲಿ ಕೆಲವನ್ನು ಉರಿಸಿ ನೋಡಿ, ಉಳಿದವನ್ನು ನಂಬಿಕೆಯ ಮೇಲೆ ರಾಕೆಟ್‌ಗೆ ಕೂರಿಸುತ್ತಿದ್ದರು. 1969ರಿಂದ 1972ರವರೆಗೆ ನಾಲ್ಕು ಉಡಾವಣೆ, ನಾಲ್ಕೂ ವಿಫಲ.

ಅಷ್ಟರಲ್ಲಿ ಕುಜ್ನೆಟ್ಸೊವ್ ಇಂಜಿನ್ನನ್ನು ತಿದ್ದಿದ್ದರು. ಎನ್‌ಕೆ-33. ಇದನ್ನು ಮತ್ತೆ ಮತ್ತೆ ಉರಿಸಿ ಪರೀಕ್ಷಿಸಬಹುದಿತ್ತು. ಅದು ಹಾರುವ ಮೊದಲೇ, 1974ರಲ್ಲಿ, ಯೋಜನೆ ನಿಂತಿತು. ಉಸ್ತುವಾರಿಗೆ ಬಂದವರು ಯಾರು ಗೊತ್ತಾ? ಅದೇ ಗ್ಲುಷ್ಕೊ. ಇಂಜಿನ್‌ಗಳನ್ನು ನಾಶ ಮಾಡಿ ಅಂತ ಆದೇಶ ಬಂತು. ಕುಜ್ನೆಟ್ಸೊವ್ ಮಾಡಲಿಲ್ಲ. ಗೋದಾಮಿನಲ್ಲಿ ಇಟ್ಟು ಬೀಗ ಹಾಕಿದರು. ಆ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ.

1990ರ ದಶಕದಲ್ಲಿ ಅಮೆರಿಕದ ಏರೋಜೆಟ್ ಕಂಪನಿ ಅವುಗಳಲ್ಲಿ ಹಲವನ್ನು ಒಂದಕ್ಕೆ ಸುಮಾರು 11 ಲಕ್ಷ ಡಾಲರ್ ಕೊಟ್ಟು ಕೊಂಡಿತು. 2013ರಲ್ಲಿ ಅಮೆರಿಕದ ಆಂಟಾರಿಸ್ ರಾಕೆಟ್ ಈ ಹಳೇ ಇಂಜಿನ್‌ಗಳಿಂದಲೇ ಹಾರಿತು. ಕುಜ್ನೆಟ್ಸೊವ್ ಅದನ್ನು ನೋಡಲಿಲ್ಲ, 1995ರಲ್ಲೇ ತೀರಿಕೊಂಡಿದ್ದರು. 2014ರ ಅಕ್ಟೋಬರ್ 28ರಂದು ವರ್ಜೀನಿಯಾದಲ್ಲಿ ಆಂಟಾರಿಸ್ ಮೇಲೆದ್ದ ಕೆಲವೇ ಸೆಕೆಂಡಿಗೆ ಒಂದು ಇಂಜಿನ್ನಿನ ಟರ್ಬೊಪಂಪ್, ಅಂದರೆ ಇಂಜಿನ್ನಿಗೆ ಇಂಧನ ಮತ್ತು ಆಮ್ಲಜನಕ ತಳ್ಳುವ ಪಂಪು, ಸಿಡಿಯಿತು. ಇಂಜಿನ್ನಲ್ಲೇ ದೋಷ ಇತ್ತು ಅಂತ ಒಬ್ಬರು, ಹೊರಗಿನ ಕಸ ಸಿಕ್ಕಿತು ಅಂತ ಇನ್ನೊಬ್ಬರು ವಾದ ಮಾಡಿದರು. ಅಮೆರಿಕದವರು ಈ ಇಂಜಿನ್ನನ್ನು ಕೈಬಿಟ್ಟು ಆರ್‌ಡಿ-181 ತಂದರು. ಅದೂ ರಷ್ಯಾದ್ದೇ. ಮಾಡಿದ್ದು ಎನರ್ಗೊಮಾಶ್, ಗ್ಲುಷ್ಕೊ ಕಟ್ಟಿದ ಸಂಸ್ಥೆ. ಅದಕ್ಕೆ ಹಾಕುವುದೂ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ!

ಪ್ರಶ್ನೆಗಳಿದ್ದರೆ ಕೇಳಿ. ರಾಕೆಟ್ ದಿಕ್ಕು ತಪ್ಪದಂತೆ ನೋಡುವ ಗೈರೊಸ್ಕೋಪ್ ಮಾಡಿದ ವಿಕ್ಟರ್ ಕುಜ್ನೆಟ್ಸೊವ್ ಬಗ್ಗೆಯೂ ಕೇಳಬಹುದು, ಅವರು ಇನ್ನೊಬ್ಬರು.