ಪ್ರಾಣಿ ಬಿಡುವ ಮುನ್ನ ದಾರಿ ಬಿಡಿ

ಲಾರಿಯ ಬಾಗಿಲು ತೆರೆಯುತ್ತೆ, ಕುದುರೆಗಳು ಹುಲ್ಲುಗಾವಲಿಗೆ ಜಿಗಿದು ಓಡುತ್ತವೆ. ಮರೆಯಾದ ಪ್ರಾಣಿಗಳನ್ನು ಮತ್ತೆ ಬಯಲಿಗೆ ಬಿಡುವ ಇಂಥ ವಿಡಿಯೋ ನೀವೂ ನೋಡಿರ್ತೀರಿ. ನೋಡೋಕೆ ಖುಷಿಯೇ. ಆದರೆ ನನಗೆ ಬೇಕಿರೋದು ಒಂದೇ ಉತ್ತರ: ಮೇವೆಲ್ಲ ಹಿಮದಡಿ ಹೂತುಹೋಗುವ ಕೆಟ್ಟ ಚಳಿಗಾಲ ಬಂದಾಗ ಈ ಹಿಂಡು ಎಲ್ಲಿಗೆ ಹೋಗಬೇಕು? ಅದಕ್ಕೆ ಉತ್ತರವಿಲ್ಲದ ಜಾಗದಲ್ಲಿ ಪ್ರಾಣಿ ಬಿಡಲೇಬಾರದು.

ನೆದರ್ಲೆಂಡ್ಸ್‌ನ ಓಸ್ಟ್‌ವಾರ್ಡರ್ಸ್‌ಪ್ಲಾಸೆನ್ ನೋಡಿ. ಸಮುದ್ರ ಹಿಂದೆ ಸರಿಸಿ ಪಡೆದ ನೆಲ, ಸುಮಾರು 5,600 ಹೆಕ್ಟೇರ್. 1980ರ ದಶಕದಲ್ಲಿ ಹೆಕ್ ಎಂಬ ತಳಿಯ ದನ, ಕೊನಿಕ್ ಎಂಬ ತಳಿಯ ಕುದುರೆ ತಂದರು, ಆಮೇಲೆ ಕೆಂಪು ಜಿಂಕೆ. ಸುತ್ತ ಬೇಲಿ, ಒಳಗೆ ತೋಳವಿಲ್ಲ. ಬೇರೆ ಕಾಡಿಗೆ ಜೋಡಿಸಬೇಕಿದ್ದ ಕಾರಿಡಾರ್, ಅಂದರೆ ಪ್ರಾಣಿಗಳು ಓಡಾಡುವ ಹಾದಿಯ ಯೋಜನೆಯನ್ನು ಸರ್ಕಾರ ಅರ್ಧಕ್ಕೇ ಕೈಬಿಟ್ಟಿತು. 2017-18ರ ಚಳಿಗಾಲದಲ್ಲಿ 5,200ರಷ್ಟಿದ್ದ ಪ್ರಾಣಿಗಳಲ್ಲಿ 3,000ಕ್ಕೂ ಹೆಚ್ಚು ಸತ್ತವು. ಹಸಿವಿನಿಂದ ನರಳಬಾರದೆಂದು ಅವುಗಳಲ್ಲಿ ಬಹುಪಾಲನ್ನು ಗುಂಡಿಟ್ಟು ಕೊಂದರು. ಜನ ಬೇಲಿ ಮೇಲಿಂದ ಹುಲ್ಲಿನ ಕಂತೆ ಎಸೆದರು. ಇದನ್ನು ಪ್ರಕೃತಿ ನಿಯಮ ಅಂತ ಸಮರ್ಥಿಸುವವರಿದ್ದಾರೆ, ನಾನು ಒಪ್ಪಲ್ಲ. ಹಸಿದ ಪ್ರಾಣಿ ವಲಸೆ ಹೋಗೋದೂ ಪ್ರಕೃತಿಯೇ ತಾನೇ?

ಬೇಲಿ ಇಲ್ಲದಿದ್ದರೆ ಸಾಕಾ? ಅದೂ ಸಾಲದು. ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಮತ್ತೆ ತಂದು ಬಿಟ್ಟ ತಾಖಿ ಎಂಬ ಕಾಡುಕುದುರೆಗಳು 137 ಇದ್ದವು. 2009-10ರ ಭೀಕರ ಚಳಿಗಾಲ ಕಳೆದಾಗ ಉಳಿದದ್ದು ಸುಮಾರು 50. ಅದೇ ನೆಲದ ಕಾಡುಕತ್ತೆಗಳು, ಅಂದರೆ ಖುಲಾನ್‌ಗಳು, ಹಿಮ ಕಡಿಮೆ ಇರುವ ಕಡೆಗೆ ಸರಿದು ಬಹುಮಟ್ಟಿಗೆ ಬದುಕಿಕೊಂಡವು. ತಾಖಿಗಳು ತಮಗೆ ಗೊತ್ತಿದ್ದ ಜಾಗ ಬಿಟ್ಟು ಕದಲಲಿಲ್ಲ. ಹಾಗಾಗಿ ಎಲ್ಲ ಹಿಂಡುಗಳನ್ನೂ ಒಂದೇ ಕಣಿವೆಯಲ್ಲಿ ಬಿಡಬೇಡಿ, ದೂರದೂರದ ಮೇವಿನ ತಾಣಗಳಿಗೆ ಹಂಚಿ ಬಿಡಿ.

ಬಿಡುವ ಮುಂಚಿನ ಕೆಲಸ ಕ್ಯಾಮೆರಾಗೆ ಕಾಣದ ಕೆಲಸ. ಮೃಗಾಲಯದಲ್ಲಿ ಬೆಳೆದ ಕುದುರೆಗೆ ಸ್ಥಳೀಯ ಉಣುಗು ಹರಡುವ ಪೈರೋಪ್ಲಾಸ್ಮೋಸಿಸ್ ಎಂಬ ರಕ್ತದ ರೋಗ ತಡೆಯುವ ಶಕ್ತಿ ಇರಲ್ಲ. ಗೋಬಿಗೆ ತಂದ ಕುದುರೆಗಳು ಈ ರೋಗದಿಂದ ಸತ್ತಿವೆ. ಅದಕ್ಕೇ ಬೇಲಿಯೊಳಗೆ ಒಂದು ಚಳಿಗಾಲ, ಒಂದು ಉಣುಗಿನ ಕಾಲವಾದರೂ ಕಳೆಯಬೇಕು, ಪಶುವೈದ್ಯರು ಹತ್ತಿರದಲ್ಲೇ ಇರಬೇಕು. ಒಂದು ಗಂಡು, ಕೆಲವು ಹೆಣ್ಣು ಸೇರಿ ಅಲ್ಲೇ ಹಿಂಡು ಕಟ್ಟಿಕೊಂಡಿರಬೇಕು, ಇಲ್ಲದಿದ್ದರೆ ಹೊರಬಿಟ್ಟ ಕೂಡಲೇ ಚದುರಿಹೋಗುತ್ತವೆ. ಸುತ್ತ ಸಾಕುಕುದುರೆ ಮೇಯುತ್ತಿದ್ದರೆ ಇನ್ನೊಂದು ಅಪಾಯ. ತಾಖಿಗೆ 66 ವರ್ಣತಂತು, ಸಾಕುಕುದುರೆಗೆ 64, ಆದರೂ ಇವೆರಡಕ್ಕೆ ಹುಟ್ಟುವ ಮರಿಗೆ ಸಂತಾನಶಕ್ತಿ ಇರುತ್ತೆ. ಮಿಶ್ರತಳಿ ಒಮ್ಮೆ ಹಿಂಡಿಗೆ ನುಸುಳಿದರೆ ಹೊರತೆಗೆಯೋದು ಬಹಳ ಕಷ್ಟ. ಇದನ್ನು ಕುರಿಗಾಹಿಗಳ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಬೇಕು.

ಜೌಗು ನೆಲಕ್ಕೆ ಎಮ್ಮೆ ಬಿಡೋದಾದರೆ ಮೊದಲು ನೀರಿನ ದಾರಿ ಸರಿಪಡಿಸಬೇಕು. ಎಮ್ಮೆ ಜೊಂಡು ತಿಂದು, ತುಳಿದು ದಾರಿ ಮಾಡುತ್ತೆ, ಹೊರಳಿದ ಕಡೆ ಗುಂಡಿಯಾಗಿ ನೀರು ನಿಲ್ಲುತ್ತೆ, ಕಪ್ಪೆಗೂ ಮೀನುಮರಿಗೂ ಜಾಗ ಸಿಗುತ್ತೆ. ಆದರೆ ನದಿಗೂ ಜೌಗಿಗೂ ನಡುವೆ ಒಡ್ಡು ಇದ್ದರೆ ಎಮ್ಮೆಯಿಂದ ಅದನ್ನು ಒಡೆಯೋಕಾಗಲ್ಲ. ಉಕ್ರೇನ್‌ನ ಡಾನ್ಯೂಬ್ ಡೆಲ್ಟಾದಲ್ಲಿ 2019ರಲ್ಲಿ ಎರ್ಮಾಕಿವ್ ದ್ವೀಪಕ್ಕೆ ಎಮ್ಮೆಗಳನ್ನು ಬಿಟ್ಟವರೇ ಸರಾಟಾ, ಕೊಗಿಲ್ನಿಕ್ ನದಿಗಳ ಹಳೆಯ ಒಡ್ಡುಗಳನ್ನೂ ತೆಗೆಸಿದರು. ಯಂತ್ರದ ಕೆಲಸ, ಪ್ರಾಣಿಯ ಕೆಲಸ ಎರಡೂ ಬೇಕು. ಜೊತೆಗೆ ಪ್ರವಾಹ ಬಂದಾಗ ಹಿಂಡು ಹತ್ತಿ ನಿಲ್ಲಲು ಎತ್ತರದ ಒಣನೆಲ ಇರಲೇಬೇಕು.

ಕೆಲವು ಕಡೆ ಪ್ರಾಣಿ ತರುವ ಅಗತ್ಯವೇ ಇರಲ್ಲ. ಕಝಾಕಸ್ತಾನದ ಸೈಗಾ ಹುಲ್ಲೆಗಳು ಒಂದು ಹಂತದಲ್ಲಿ 40,000ಕ್ಕಿಂತ ಕಡಿಮೆಯಾಗಿದ್ದವು. 2015ರಲ್ಲಿ ಬ್ಯಾಕ್ಟೀರಿಯಾ ಸೋಂಕಿಗೆ ಕೆಲವೇ ವಾರಗಳಲ್ಲಿ ಸುಮಾರು 2 ಲಕ್ಷ ಸತ್ತವು. ಆದರೂ ಕಳ್ಳಬೇಟೆಗೆ ತಡೆ, ಓಡಾಡೋಕೆ ವಿಶಾಲ ನೆಲ, ಅವಳಿ ಮರಿ ಹಾಕುವ ಗುಣ ಇಷ್ಟರಿಂದಲೇ 2023ಕ್ಕೆ 19 ಲಕ್ಷ ದಾಟಿದವು. ಮಂಗೋಲಿಯಾದಲ್ಲೂ ಹಾಗೇ. ರೈಲುಹಳಿಯ ಬೇಲಿ ಖುಲಾನ್‌ಗಳನ್ನು 60ಕ್ಕೂ ಹೆಚ್ಚು ವರ್ಷ ತಡೆದಿತ್ತು. ಒಂದಷ್ಟು ಉದ್ದ ಬೇಲಿ ಕಿತ್ತ ಮೇಲೆ 2020ರಲ್ಲಿ ಅವು ಹಳಿ ದಾಟಿದವು. ಕುದುರೆ ಸಾಗಿಸುವ ವಿಮಾನಕ್ಕೆ ಹಣ ಕೊಡುವವರು ಅದರಲ್ಲಿ ಒಂದು ಪಾಲನ್ನು ಇಂಥ ಬೇಲಿ ಕೀಳೋಕೆ ಕೊಡಲಿ, ಅದೂ ವಿಮಾನ ಹೊರಡುವ ಮೊದಲೇ.