ಗೋಳಗುಮ್ಮಟಕ್ಕೆ ಎರಡು ಸಲ, ಅಮ್ಮನ ಜೊತೆ

ನಮಸ್ಕಾರ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಈ ವಿಡಿಯೋದಲ್ಲಿ ನಾನು ಅಲ್ಲೇ ನಿಂತು ಮಾತಾಡಿದ್ದು ಏನೂ ಇಲ್ಲ. ಎಲ್ಲಾ ಮನೆಗೆ ಬಂದು, ಬಟ್ಟೆ ಬೀರು ತೆಗೆದು, ಸೀರೆಗಳ ಮಧ್ಯೆ ತಲೆ ಹಾಕಿಕೊಂಡು ರೆಕಾರ್ಡ್ ಮಾಡಿದ್ದು. ಯಾಕೆ ಅಂದರೆ, ಮೊದಲ ದಿನ ಗೋಳಗುಮ್ಮಟದ ಮೇಲೆ ಹತ್ತು ನಿಮಿಷ ಮೈಕ್ ಹಿಡಿದು ಮಾತಾಡಿದ್ದೆ. ರಾತ್ರಿ ಲಾಡ್ಜಿನಲ್ಲಿ ಕೂತು ಕೇಳಿದರೆ ನನ್ನ ಒಂದು ಪದವೂ ಇಲ್ಲ. ಬರೀ "ಹೋಯ್", "ಊಊ", ಒಂದು ಸೀಟಿ, ಆ ಸೀಟಿಯ ಏಳು ಮರಿಗಳು.

ಸರಿ, ಊರಿಗೆ ಬರೋಣ. ವಿಜಯಪುರ. 2014ರಿಂದ ಕಾಗದದಲ್ಲಿ ಇದೇ ಹೆಸರು, ಬಾಯಲ್ಲಿ ಮಾತ್ರ ಇನ್ನೂ ಬಿಜಾಪುರ. ಬೆಂಗಳೂರಲ್ಲಿ ಸಂಜೆ ರೈಲು ಹತ್ತಿದೆವು. ಬೆಳಿಗ್ಗೆ ಆಲಮಟ್ಟಿ ಹತ್ತಿರ ಕೃಷ್ಣಾ ನದಿ ದಾಟುವಾಗ ಅಮ್ಮ ಕಿಟಕಿಯಿಂದ ಕೈ ಮುಗಿದಳು. ಆಮೇಲೆ ಕಪ್ಪು ಮಣ್ಣು, ಜೋಳದ ಹೊಲ, ಮತ್ತೆ ಕಪ್ಪು ಮಣ್ಣು. ಊರು ಬರುವ ಮೊದಲೇ ಗುಮ್ಮಟ ಬಂತು. ಸ್ಟೇಷನ್ನಿನಿಂದ ಅಷ್ಟು ಹತ್ತಿರ ಅದು.

ಹೊರಗೆ ಬಂದು ಆಟೋ ಹತ್ತಿ "ಗೋಳಗುಮ್ಮಟ" ಅಂದೆ. ಡ್ರೈವರ್ ಅಣ್ಣ ಹಿಂದೆ ತಿರುಗಿ, "ಬಂದ ಮಂದಿ ಗೋಳಗುಮ್ಮಟಾ ನೋಡಿ, ಚೀರಿ, ಹೊಂಟಬಿಡ್ತಾರ್ರಿ ಅಕ್ಕಾರ. ಊರ ಯಾರೂ ನೋಡಂಗಿಲ್ಲ" ಅಂದರು. ನನಗೆ ಸ್ವಲ್ಪ ನಾಚಿಕೆ ಆಯಿತು. ಏಳನೇ ಕ್ಲಾಸಿನ ಟ್ರಿಪ್ಪಿನಲ್ಲಿ ನಾನು ಮಾಡಿದ್ದೂ ಅದನ್ನೇ. ಚೀರಿದೆ, ಪೆಪ್ಪರ್‌ಮೆಂಟ್ ತಿಂದೆ, ಬಸ್ ಹತ್ತಿದೆ. ಎರಡು ದಿನಕ್ಕೂ ಅವರ ಆಟೋವನ್ನೇ ಗೊತ್ತು ಮಾಡಿಕೊಂಡೆವು.

ಈಗ ಸ್ಕ್ರೀನ್ ಮೇಲೆ ಇರುವುದು ಮೊದಲ ದಿನದ ಶಾಟ್. ಬೆಳಿಗ್ಗೆ ಹನ್ನೊಂದು ಗಂಟೆ, ಮೂರು ಶಾಲೆಯ ಬಸ್ಸು ಒಟ್ಟಿಗೆ ಬಂದಿವೆ. ಬಿಜಾಪುರದ ಸುಲ್ತಾನ ಮೊಹಮ್ಮದ್ ಆದಿಲ್ ಶಾ ತನಗಾಗಿ ಕಟ್ಟಿಸಿಕೊಂಡ ಗೋರಿ ಇದು. ಅವನು ತೀರಿಕೊಂಡಿದ್ದು 1656ರಲ್ಲಿ. ಒಳಗೆ ಮರದ ಮಂಟಪದ ಕೆಳಗೆ ಕಾಣುವ ಗೋರಿಗಳು ಬರೀ ಗುರುತಿಗೆ. ನಿಜವಾದ ಸಮಾಧಿಗಳು ಅದರ ಕೆಳಗೆ ನೆಲಮಾಳಿಗೆಯಲ್ಲಿವೆ. ಏಳು ಅಂತಸ್ತು ಹತ್ತಬೇಕು ಅಂದ ಕೂಡಲೇ ಅಮ್ಮ ಮಂಡಿ ಸವರಿಕೊಂಡು, "ನೀನು ಹೋಗಿ ಬಾ ಕಣೇ, ನಾನು ಇಲ್ಲೇ ಇರ್ತೀನಿ" ಅಂತ ನೆಲದ ಮೇಲೆ ಕೂತುಬಿಟ್ಟಳು.

ಕೂತವಳು ಸುಮ್ಮನೆ ಕೂರಲಿಲ್ಲ. ನಾನು ಮೇಲೆ ಗಲಾಟೆಯಲ್ಲಿ ನರಳಿ ಇಳಿದು ಬಂದಾಗ, ಕತ್ತು ಎತ್ತಿ ಛಾವಣಿ ನೋಡುತ್ತಾ, "ಇದು ನಮ್ಮ ರಂಗೋಲಿ ಅಲ್ವಾ?" ಅಂದಳು. ಈ ಶಾಟ್ ಅವಳು ಹೇಳಿದ ಮೇಲೆ ತೆಗೆದಿದ್ದು. ಒಂದು ಚೌಕ, ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿಟ್ಟರೆ ಎಂಟು ಮೂಲೆಯ ನಕ್ಷತ್ರ ಬರುತ್ತದೆ, ಬಾಗಿಲ ಮುಂದೆ ಹಾಕುತ್ತೀವಲ್ಲ, ಅದೇ. ಇಲ್ಲಿ ಗೆರೆಯ ಬದಲು ಕಮಾನು. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಮೇಲಕ್ಕೆ ಹೋಗಿ, ಚೌಕ ಕೋಣೆಯನ್ನು ನಿಧಾನಕ್ಕೆ ದುಂಡಗೆ ಮಾಡುತ್ತವೆ. ಅದರ ಮೇಲೆ ಗುಮ್ಮಟ ಕೂತಿದೆ. ಹೊರಗಿನ ಅಗಲ 44 ಮೀಟರ್, ಒಳಗೆ ಸುಮಾರು 38. ನಡುವೆ ಒಂದೇ ಒಂದು ಕಂಬ ಇಲ್ಲ. ಅಷ್ಟು ಭಾರದ ಗುಮ್ಮಟ ಗೋಡೆಗಳನ್ನು ಹೊರಕ್ಕೆ ತಳ್ಳಬೇಕು ತಾನೇ? ಈ ಕಮಾನುಗಳ ಕಲ್ಲುರಾಶಿ ಒಳಕ್ಕೆ ಬಾಗಿ ಆ ತಳ್ಳಾಟವನ್ನು ತಡೆಯುತ್ತದೆ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಅಮ್ಮ ಕೂತಲ್ಲೇ ಅರ್ಧ ಹೇಳಿದ್ದಳು.

ಅಲ್ಲಿಂದ ಜಾಮಿಯಾ ಮಸೀದಿ. ತಾಳಿಕೋಟೆ ಯುದ್ಧ ಅಂತ ಪಾಠದಲ್ಲಿ ಓದಿದ್ದೀವಿ, 1565. ಹಂಪಿ ಬಿದ್ದ ಆ ಯುದ್ಧದಲ್ಲಿ ಗೆದ್ದ ಸುಲ್ತಾನರಲ್ಲಿ ಒಬ್ಬ ಒಂದನೇ ಅಲಿ ಆದಿಲ್ ಶಾ. ಅದರ ನಂತರ ಅವನು ಶುರು ಮಾಡಿಸಿದ ಮಸೀದಿ ಇದು. ಹಂಪಿಯಲ್ಲಿ ನಿಂತಾಗ ಒಂದು ಥರ, ಇಲ್ಲಿ ನಿಂತಾಗ ಇನ್ನೊಂದು ಥರ. ಅದೇ ಕಥೆಯ ಆಚೆ ದಡದಲ್ಲಿ ನಿಂತ ಹಾಗೆ. ನೆಲ ನೋಡಿ, ಒಬ್ಬೊಬ್ಬರು ನಮಾಜಿಗೆ ನಿಲ್ಲುವಷ್ಟು ಜಾಗಕ್ಕೆ ಒಂದೊಂದು ಚೌಕಟ್ಟು. ಒಟ್ಟು 2,250 ಇವೆ. ಔರಂಗಜೇಬ ಹಾಕಿಸಿದ್ದು ಅನ್ನುತ್ತಾರೆ. ಇಲ್ಲಿ ಈಗಲೂ ನಮಾಜು ನಡೆಯುತ್ತದೆ, ಸಮಯ ನೋಡಿಕೊಂಡು ಹೋಗಿ.

ಊಟದ ಬಗ್ಗೆ ಎರಡು ಮಾತು ಹೇಳದಿದ್ದರೆ ಅಮ್ಮ ಬೈತಾಳೆ. ಡ್ರೈವರ್ ಅಣ್ಣ ಒಂದು ಸಣ್ಣ ಖಾನಾವಳಿಗೆ ಕರೆದುಕೊಂಡು ಹೋದರು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಮಡಕಿಕಾಳು ಪಲ್ಯ, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಗಟ್ಟಿ ಮೊಸರು. ಒಂದು ಚಮಚ ಶೇಂಗಾ ಹಿಂಡಿ. ಹಿಂಡಿ ಅಂದರೆ ನಮ್ಮ ಕಡೆ ದನಕ್ಕೆ ಹಾಕುವುದು, ಅಮ್ಮ ಒಂದು ಸಲ ಬೆಚ್ಚಿ ನೋಡಿದಳು. ಇಲ್ಲಿ ಅದು ಚಟ್ನಿಪುಡಿ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಪಟ ಪಟ ಪಟ. ಎರಡು ದಿನದಲ್ಲಿ ನನ್ನ ಮೈಕ್ ಸರಿಯಾಗಿ ಹಿಡಿದ ಮೊದಲ ಸದ್ದು ಇದು. ಕೇಳಿ.

ಮಧ್ಯಾಹ್ನದ ಬಿಸಿಲಲ್ಲಿ ಮಲಿಕ್-ಎ-ಮೈದಾನ್ ನೋಡಲು ಹೋದದ್ದು ನನ್ನ ತಪ್ಪು. ಆದರೆ ಆ ತಪ್ಪಿಂದಲೇ ಒಂದು ಲಾಭ ಆಯಿತು. ಕೋಟೆಯ ಬುರುಜಿನ ಮೇಲೆ ಮಲಗಿರುವ ಈ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್, ಉದ್ದ ನಾಲ್ಕೂವರೆ ಮೀಟರಿಗೆ ಚೂರು ಕಮ್ಮಿ. ಬಾಯಿ ಹತ್ತಿರ ತೋರಿಸುತ್ತೇನೆ. ಸಿಂಹ ಬಾಯಿ ತೆರೆದಿದೆ, ಅದರ ಹಲ್ಲಿನ ಸಂದಿಯಲ್ಲಿ ಆನೆ ಸಿಕ್ಕಿಕೊಂಡಿದೆ. ನೆಲ ಕಾದು ಕಾಲಿಡಲು ಆಗುತ್ತಿರಲಿಲ್ಲ. ಅಮ್ಮ ತೋಪಿನ ಮೇಲೆ ಅಂಗೈ ಇಟ್ಟು, "ತಣ್ಣಗಿದೆ ಕಣೇ!" ಅಂದಳು. ಹೌದು, ಆ ಬಿಸಿಲಲ್ಲೂ ಅಷ್ಟಾಗಿ ಕಾದಿರಲಿಲ್ಲ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಳು. ಒಳಗಿಂದ ಸಣ್ಣಗೆ ಒಂದು ಗುಂಯ್. "ಅಜ್ಜಿ ಮನೆ ಕಂಚಿನ ಬಟ್ಟಲು ಹೀಗೇ ಅನ್ನುತ್ತಿತ್ತು" ಅಂದಳು. ಗಂಟೆ ಮಾಡುವ ಥರದ ಲೋಹ ಇದು, ಆದ್ದರಿಂದ ಅಮ್ಮನ ಲೆಕ್ಕ ಸರಿಯಾಗೇ ಇದೆ.

ಇದನ್ನು ಎಳೆದು ತರಲು 400 ಎತ್ತು, 10 ಆನೆ ಬೇಕಾಯಿತು ಅನ್ನುವುದು ಊರಿನ ಕಥೆ. 1686ರಲ್ಲಿ ಬಿಜಾಪುರ ಗೆದ್ದ ಔರಂಗಜೇಬ ತನ್ನ ಗೆಲುವಿನ ಸಾಲನ್ನೂ ಇದರ ಮೇಲೆ ಕೆತ್ತಿಸಿದ. ಅದೆಲ್ಲಾ ಇರಲಿ. 1854ರಲ್ಲಿ ಇದನ್ನು ಹಳೇ ಸಾಮಾನಿನ ಹಾಗೆ ಹರಾಜಿಗೆ ಇಟ್ಟರಂತೆ. ಬಂದ ಬೆಲೆ 150 ರೂಪಾಯಿ! ತೀರಾ ಕಮ್ಮಿ ಆಯಿತು ಅಂತ ಕೊಡಲಿಲ್ಲ. ಅವತ್ತು ಯಾರಾದರೂ 500 ಅಂದಿದ್ದರೆ ಏನಾಗುತ್ತಿತ್ತೋ.

ಪಕ್ಕದಲ್ಲೇ ಉಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ದುಂಡನೆಯ ಕಾವಲು ಗೋಪುರ. ಮೆಟ್ಟಿಲು ಹೊರಗಡೆಯಿಂದ ಸುತ್ತಿಕೊಂಡು ಹೋಗುತ್ತದೆ. ಮೇಲೆ ಎರಡು ಉದ್ದನೆಯ ಕಬ್ಬಿಣದ ತೋಪು. ಅದರಲ್ಲಿ ದೊಡ್ಡದು ಸುಮಾರು 9 ಮೀಟರ್. ಹತ್ತಿ, ಗಾಳಿ ತಗೊಳ್ಳಿ, ಊರು ಎಷ್ಟು ಚಪ್ಪಟೆ ಅಂತ ನೋಡಿ, ಇಳಿಯಿರಿ. ಸಾಕು.

ಈಗ ನಾನು ಕಾಯುತ್ತಿದ್ದ ಜಾಗ. ನಿಮಗೆ ವಿಜಯಪುರದಲ್ಲಿ ಅರ್ಧ ದಿನ ಮಾತ್ರ ಇದ್ದರೆ, ಗುಮ್ಮಟ ಬಿಟ್ಟರೂ ಪರವಾಗಿಲ್ಲ, ಇಬ್ರಾಹಿಂ ರೋಜಾ ಬಿಡಬೇಡಿ. ಕಾಮೆಂಟಿನಲ್ಲಿ ಜಗಳ ಆಡಿ, ನಾನು ರೆಡಿ.

ಒಂದೇ ಜಗಲಿಯ ಮೇಲೆ ಎದುರುಬದುರು ಎರಡು ಕಟ್ಟಡ. ಒಂದು ಗೋರಿ, ಒಂದು ಮಸೀದಿ, ನಡುವೆ ಕಾರಂಜಿಯ ಹೊಂಡ. ಎರಡನೇ ಇಬ್ರಾಹಿಂ ಆದಿಲ್ ಶಾ ಇದನ್ನು ತನ್ನ ಬೇಗಂ ತಾಜ್ ಸುಲ್ತಾನಾಗೆ ಅಂತ ಶುರು ಮಾಡಿಸಿದ. 1627ರಲ್ಲಿ ಅವನೇ ಮೊದಲು ಹೋದ. ಕಟ್ಟಿದ್ದು ಮಲಿಕ್ ಸಂದಲ್. ಖರ್ಚು ಒಂದೂವರೆ ಲಕ್ಷ ಹೊನ್ನು ಅಂತ ಗೋಡೆಯ ಮೇಲೇ ಲೆಕ್ಕ ಬರೆಸಿದ್ದಾರೆ. ನಮ್ಮ ಮನೆ ಕಟ್ಟಿದ ಕಾಂಟ್ರಾಕ್ಟರ್ ಇನ್ನೂ ಲೆಕ್ಕ ಕೊಟ್ಟಿಲ್ಲ.

ಈ ಕಿಟಕಿ ನೋಡಿ. ಇನ್ನೂ ಹತ್ತಿರ ಹೋಗೋಣ. ಜಾಲಂಧ್ರ ಅಂದುಕೊಂಡರೆ ಅಲ್ಲ, ಅಕ್ಷರಗಳು. ಕಲ್ಲಿನ ಹಲಗೆಯಲ್ಲಿ ಅರಬ್ಬಿ ಅಕ್ಷರಗಳನ್ನು ಬಿಟ್ಟು, ಮಧ್ಯದ ಕಲ್ಲನ್ನಷ್ಟೇ ಕೊರೆದು ತೆಗೆದಿದ್ದಾರೆ. ಬೆಳಕು ಅಕ್ಷರದ ಸಂದಿಯಿಂದಲೇ ಒಳಗೆ ಬರಬೇಕು. ಸಂಜೆ ಐದರ ಹೊತ್ತಿಗೆ ಬಿಸಿಲು ಓರೆಯಾದಾಗ ಅಮ್ಮನ ಸೆರಗಿನ ಮೇಲೆ ಒಂದು ಸಾಲು ಬಿತ್ತು. ನಮಗಿಬ್ಬರಿಗೂ ಓದಲು ಬರಲ್ಲ. ಅವಳು ಅಲುಗಾಡದೆ ನಿಂತಳು, ನಾನು ಶೂಟ್ ಮಾಡಿದೆ.

ಈ ಇಬ್ರಾಹಿಂ ಬಗ್ಗೆ ನಮ್ಮ ಪಾಠದಲ್ಲಿ ಎರಡು ಸಾಲು ಇತ್ತು, 'ಜಗದ್ಗುರು ಬಾದಶಾ' ಅಂತ. ಅಷ್ಟಕ್ಕೆ ಮುಗಿಸುವ ಮನುಷ್ಯ ಅಲ್ಲ ಅವನು. ಸಂಗೀತದ ಹುಚ್ಚು. ದಖನಿ ಭಾಷೆಯಲ್ಲಿ ಹಾಡುಗಳ ಪುಸ್ತಕವನ್ನೇ ಬರೆದ, ಹೆಸರು ಕಿತಾಬ್-ಎ-ನೌರಸ್. ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿ ಹೊಗಳಿದ್ದಾನೆ. ತನ್ನ ತಂಬೂರಿಗೆ ಹೆಸರಿಟ್ಟಿದ್ದ, ಮೋತಿ ಖಾನ್. ಆನೆಗೆ ಆತಿಶ್ ಖಾನ್. ತಂಬೂರಿಗೂ ಆನೆಗೂ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಹೆಸರು, ಚೆನ್ನಾಗಿದೆ ಅಲ್ವಾ?

ಅವತ್ತು ಅಲ್ಲಿ ಹತ್ತು ಜನವೂ ಇರಲಿಲ್ಲ. ಒಂದೇ ಸಂಕಟದ ವಿಷಯ ಅಂದರೆ, ಕೈಗೆ ಎಟುಕುವಷ್ಟು ಎತ್ತರದವರೆಗೆ ಗೋಡೆ ತುಂಬಾ ಯಾರ್ಯಾರದೋ ಹೆಸರು, ಹೃದಯ, ಬಾಣ. ದಯವಿಟ್ಟು ಬೇಡ. ಪ್ರೀತಿ ಇದ್ದರೆ ಅವರಿಗೇ ಹೇಳಿ, ಗೋಡೆಗೆ ಯಾಕೆ?

ವಾಪಸ್ ಬರುವಾಗ ಬಾರಾ ಕಮಾನ್. ಗೋಳಗುಮ್ಮಟದ ಮೊಹಮ್ಮದನ ಮಗ ಎರಡನೇ ಅಲಿ ಆದಿಲ್ ಶಾನ ಗೋರಿ. 1672ರಲ್ಲಿ ಅವನು ತೀರಿಕೊಂಡಾಗ ಕೆಲಸ ಮುಗಿದಿರಲಿಲ್ಲ, ಹಾಗೇ ನಿಂತಿತು. ಛಾವಣಿ ಇಲ್ಲದ ಕರಿಕಲ್ಲಿನ ಕಮಾನುಗಳು ಸಾಲು ಸಾಲಾಗಿ ನಿಂತಿವೆ, ಆಕಾಶವೇ ಸೂರು. ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳುವಷ್ಟು ಎತ್ತರ ಕಟ್ಟಬೇಕು ಅಂತ ಇತ್ತಂತೆ. ಎರಡರ ಮಧ್ಯೆ ಇರುವ ದೂರ ನೋಡಿದರೆ ನನಗಂತೂ ನಂಬಿಕೆ ಇಲ್ಲ. ಆದರೆ ಅಪ್ಪ ಕಟ್ಟಿದ್ದನ್ನು ಮೀರಿಸಬೇಕು ಅನ್ನುವ ಮಗ ಇದ್ದಿರಬಹುದು, ಅದನ್ನು ನಂಬುತ್ತೇನೆ. ಹತ್ತಿರದಲ್ಲೇ ಗಗನ ಮಹಲ್, 1561ರದ್ದು, ನಡುವೆ ಒಂದು ಭಾರಿ ಕಮಾನು. ಕೊನೆಯ ಸುಲ್ತಾನ ಸಿಕಂದರ್, ಇನ್ನೂ ಹುಡುಗ, ಬೆಳ್ಳಿ ಸರಪಳಿ ಹಾಕಿಕೊಂಡು ಔರಂಗಜೇಬನ ಮುಂದೆ ಬಂದದ್ದು ಇಲ್ಲೇ ಅಂತ ಡ್ರೈವರ್ ಅಣ್ಣ ಹೇಳಿದರು.

ಅವರೇ ತಾಜ್ ಬಾವಡಿಗೂ ಕರೆದುಕೊಂಡು ಹೋದರು. 1620ರ ಕಾಲದ ಬಾವಿ, ಬಾವಿ ಅನ್ನುವುದಕ್ಕಿಂತ ಕೆರೆ. ದೊಡ್ಡ ಕಮಾನು ದಾಟಿ ಮೆಟ್ಟಿಲು ಇಳಿದರೆ ಒಮ್ಮೆಲೇ ತಂಪು. "ಮಳಿ ಕಡಿಮಿ ಊರ್ರಿ ಇದು. ರಾಜಾರು ನೀರ ಮೊದ್ಲ ನೋಡ್ತಿದ್ರು" ಅಂದರು. ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದಿದ್ದರು ಈ ಊರಿಗೆ. 1651ರಲ್ಲಿ ಬೇಗಂ ತಲಾಬ್ ಅನ್ನುವ ಕೆರೆ ಕಟ್ಟಿ ಮಣ್ಣಿನ ಕೊಳವೆಯಲ್ಲಿ ಇನ್ನಷ್ಟು ತಂದರು. ಅದಕ್ಕೇ ಒಂದು ವಿಡಿಯೋ ಮಾಡಬೇಕು, ಮುಂದಿನ ಸಲ.

ರಾತ್ರಿ ಮಾರ್ಕೆಟ್. ವಿಜಯಪುರ ಅಂದರೆ ದ್ರಾಕ್ಷಿ, ದ್ರಾಕ್ಷಿ ಅಂದರೆ ಒಣದ್ರಾಕ್ಷಿ. ಅಮ್ಮ ನಾಲ್ಕು ಅಂಗಡಿಯಲ್ಲಿ ರುಚಿ ನೋಡಿ, ಐದನೆಯದರಲ್ಲಿ ಚೌಕಾಸಿ ಮಾಡಿ, ಹಸಿರು ಒಣದ್ರಾಕ್ಷಿ ಎರಡು ಕೇಜಿ ಅಂದಳು. "ಅಮ್ಮಾ, ಇಬ್ಬರೇ ಇರೋದು ನಾವು, ಒಂದು ಸಾಕು" ಅಂದೆ. ಮುಖ ಸಣ್ಣಗಾಯಿತು. ಏನೂ ಮಾತಾಡದೆ ಒಂದು ಕೇಜಿ ಕಟ್ಟಿಸಿದಳು. ಲಾಡ್ಜಿಗೆ ಬಂದು ನಾನು ಆಡಿಯೋ ಹಾಕಿ ಕೇಳಿ ತಲೆ ಚಚ್ಚಿಕೊಂಡಿದ್ದು ಆಮೇಲೆ.

ಡ್ರೈವರ್ ಅಣ್ಣನಿಗೆ ಫೋನ್ ಮಾಡಿದೆ. "ಮುಂಜಾನೆ ಆರಕ್ಕ ನಡೀರಿ, ಒಂದ ಪಿಳ್ಳೀನೂ ಇರಂಗಿಲ್ಲ" ಅಂದರು.

ಇದು ಎರಡನೇ ದಿನ. ಬೆಳಿಗ್ಗೆ ಆರು. ವಾಕಿಂಗ್ ಬಂದ ಊರಿನವರು ಹೊರಗೆ ತೋಟದಲ್ಲಿ ಇದ್ದರು, ಗುಮ್ಮಟದ ಒಳಗೆ ನಾವಿಬ್ಬರೇ. ಈ ಸಲ ಅಮ್ಮನೇ "ಹತ್ತುತ್ತೀನಿ" ಅಂದಳು. ಮೂಲೆಯ ಗೋಪುರದ ಮೆಟ್ಟಿಲು ಕಿರಿದು, ಎತ್ತರ ಬೇರೆ. ಪ್ರತಿ ಅಂತಸ್ತಿಗೂ ಒಂದು ಸಲ ಕೂತು, ಕಿಂಡಿಯಿಂದ ಊರು ನೋಡಿ, ನೀರು ಕುಡಿದು, ಅರ್ಧ ಗಂಟೆಯಲ್ಲಿ ಮೇಲೆ ಬಂದೆವು.

ಒಳಗಿನ ಮೊಗಸಾಲೆ ಗುಮ್ಮಟದ ಬುಡದಲ್ಲಿ ಸುತ್ತಲೂ ಇದೆ. ಅಮ್ಮನನ್ನು ಗೋಡೆಗೆ ಒರಗಿ ಕೂರಿಸಿ, ಮೈಕ್ ಹಿಡಿದುಕೊಂಡು ನಾನು ಆಚೆ ಬದಿಗೆ ನಡೆದೆ. ನನ್ನ ಚಪ್ಪಲಿಯ ಸದ್ದು ನನ್ನ ಹಿಂದೆ ಒಂದು ಗುಂಪು ಬರುತ್ತಿರುವ ಹಾಗೆ ಕೇಳುತ್ತಿತ್ತು. ಎದುರು ಹೋಗಿ ಗೋಡೆಗೆ ಕಿವಿ ಇಟ್ಟೆ. ಅಮ್ಮ ಇಲ್ಲಿಂದ ಒಂದು ನೀಲಿ ಚುಕ್ಕಿ. ಕೈ ಬೀಸಿದೆ, ಏನಾದರೂ ಹೇಳು ಅಂತ.

ಮಾತಿನಲ್ಲಿ ಇದೊಂದು ಮಾತ್ರ ಅಲ್ಲೇ ರೆಕಾರ್ಡ್ ಆದದ್ದು. ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲು ಅವಳ ಬಳೆ ಸದ್ದು. ಆಮೇಲೆ ಪಿಸುಮಾತು, ನನ್ನ ಕಿವಿ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟ:

"ಒಣದ್ರಾಕ್ಷಿ ಇನ್ನೊಂದು ಕೇಜಿ ತಗೊಳ್ಳೋಣ ಕಣೇ."

ಗುಮ್ಮಟ ಅದನ್ನೇ ಮತ್ತೆ ಮತ್ತೆ ಹೇಳಿತು. ತಗೊಂಡೆವು.