ಪೇಪರಲ್ಲಿ ಬಂದಿರೋ ಆ ಪುಟ್ಟ ನೋಟಿಸ್ ನಿಮ್ಮ ಬೀದೀದೇ ಇರಬಹುದು | ಬೆಂಗಳೂರಲ್ಲಿ ಝೋನ್ ಚೇಂಜ್ ಹೇಗಾಗುತ್ತೆ?

ನಮಸ್ಕಾರ ಎಲ್ರಿಗೂ. ಸರ್ಜಾಪುರ ರೋಡ್ ಕಡೆಯ ವೀಕ್ಷಕರೊಬ್ರು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಕ್ಕಾ, ಅಪ್ಪನ ಹೆಸ್ರಲ್ಲಿ 30 ಗುಂಟೆ ಇದೆ, ಸುತ್ತ ಮೂರು ಕಡೆ ಅಪಾರ್ಟ್‌ಮೆಂಟ್ ಎದ್ದಿದೆ, ಮಾಸ್ಟರ್ ಪ್ಲಾನಲ್ಲಿ ಮಾತ್ರ ನಮ್ದು ಇನ್ನೂ ಹಸಿರು. ನಮ್ಮಣ್ಣ ಟೆಕ್ಸಾಸಲ್ಲಿದ್ದಾನೆ, ಅಲ್ಲಿ ಪಬ್ಲಿಕ್ ಹಿಯರಿಂಗ್ ಇಟ್ಟು ಅಕ್ಕಪಕ್ಕದವ್ರನ್ನ ಕೇಳಿ ಝೋನ್ ಬದಲಾಯಿಸ್ತಾರಂತೆ, ನಮ್ಮಲ್ಲೂ ಹಂಗೇನಾದ್ರೂ ಇದ್ಯಾ?"

ಈ ಪ್ರಶ್ನೆ ನನ್ನ ಬಿಡ್ಲೇ ಇಲ್ಲ. ಮಾಸ್ಟರ್ ಪ್ಲಾನ್ ಅಂದ್ರೆ ಯಾವ ಜಾಗ ಯಾವುದಕ್ಕೆ ಬಳಸ್ಬೇಕು ಅಂತ ಬಣ್ಣ ಹಾಕಿ ತೋರಿಸೋ ನಕ್ಷೆ, ಆ ಒಂದೊಂದು ಬಳಕೇನೇ ಝೋನ್. ವೀಕ್ಷಕರು ಹೇಳಿದ ಹಸಿರು ಅಂದ್ರೆ ಅಪಾರ್ಟ್‌ಮೆಂಟ್ ಕಟ್ಟೋಕೆ ಅಂತ ಗುರುತಾಗದ ಜಾಗ. ಟೆಕ್ಸಾಸಲ್ಲಿ ಏನಾಗುತ್ತೆ ಅಂದ್ರೆ, ಯಾರಾದ್ರೂ ಝೋನ್ ಬದಲಾಯಿಸಿ ಅಂತ ಅರ್ಜಿ ಹಾಕಿದ್ರೆ ಆ ಜಾಗದಿಂದ 200 ಅಡಿ ಒಳಗಿರೋ ಮಾಲೀಕರಿಗೆಲ್ಲ ಹಿಯರಿಂಗ್‌ಗೆ 10 ದಿನ ಮುಂಚೆನೇ ಲಿಖಿತ ನೋಟಿಸ್ ಹೋಗ್ಬೇಕು, ಆಮೇಲೆ ಝೋನಿಂಗ್ ಕಮಿಷನ್ ಮುಂದೆ ಯಾರು ಬೇಕಾದ್ರೂ ಎದ್ದು ನಿಂತು ಮಾತಾಡಬಹುದು, ಅದಾದ್ಮೇಲೆ ವಿಷಯ ಸಿಟಿ ಕೌನ್ಸಿಲ್‌ಗೆ ಹೋಗುತ್ತೆ.

ನಮ್ಮಲ್ಲಿ? ಬೇಸಿಕ್ಸ್ ಬೇಗ ಬೇಗ ಹೇಳ್ಬಿಡ್ತೀನಿ. ಕಾನೂನಿನ ಹೆಸರು ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರದ್ದು. ಅದ್ರಲ್ಲಿ ಸೆಕ್ಷನ್ 14ಎ. ಮಾಸ್ಟರ್ ಪ್ಲಾನ್ ಜಾರಿಗೆ ಬಂದ ಮೇಲೆ ಒಂದು ಜಾಗದ ಬಳಕೆ ಬದಲಾಯಿಸ್ಬೇಕಂದ್ರೆ ದಾರಿ ಇದೇ, ಆಫೀಸ್ ಭಾಷೇಲಿ ಭೂ ಉಪಯೋಗ ಬದಲಾವಣೆ, ಬ್ರೋಕರ್‌ಗಳ ಬಾಯಲ್ಲಿ ಸಿಎಲ್‌ಯು, ಅಂದ್ರೆ ಚೇಂಜ್ ಆಫ್ ಲ್ಯಾಂಡ್ ಯೂಸ್. ಬೆಂಗಳೂರಿಗೆ ಈಗ್ಲೂ ಓಡ್ತಿರೋದು 2007ರಲ್ಲಿ ಮಂಜೂರಾದ, 2015ರ ಹೆಸರಿರೋ ಮಾಸ್ಟರ್ ಪ್ಲಾನು. 2031ರದ್ದು ಅಂತ 2017ರಲ್ಲಿ ಕರಡು ಬಂತು, 2020ರಲ್ಲಿ ಸರ್ಕಾರ ವಾಪಸ್ ತಗೊಂಡ್ತು. ಅಂದ್ರೆ ನಗರ ಎಲ್ಲೋ ಹೋಗಿದೆ, ನಕ್ಷೆ ಅಲ್ಲೇ ನಿಂತಿದೆ, ಅದಕ್ಕೇ ಈ ವೀಕ್ಷಕರ ಥರ ಮೂರು ಕಡೆ ಕಟ್ಟಡ ಮಧ್ಯೆ ಒಂದು ಹಸಿರು ಚೂರು ಅನ್ನೋ ಪರಿಸ್ಥಿತಿ.

ಅರ್ಜಿ ಹೋಗೋದು ಆ ಏರಿಯಾದ ಯೋಜನಾ ಪ್ರಾಧಿಕಾರಕ್ಕೆ. ನಗರದೊಳಗೆ ಇಷ್ಟು ವರ್ಷ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ದೇವನಹಳ್ಳಿ ಏರ್‌ಪೋರ್ಟ್ ಕಡೆಗೆ ಬೇರೆ, ಆನೇಕಲ್‌ಗೆ ಬೇರೆ, ಹೊಸಕೋಟೆಗೆ ಬೇರೆ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬೇರೆ ಬಂದಿದೆ, ಹಾಗಾಗಿ ಅರ್ಜಿ ಬರೆಯೋ ಮುಂಚೆ ನಿಮ್ಮ ಸರ್ವೆ ನಂಬರ್ ಈಗ ಯಾರ ಕೈಲಿದೆ ಅಂತ ಕೇಳ್ಕೊಂಡೇ ಹೋಗಿ.

ಈಗ ಅಸಲಿ ವಿಷಯ. ಈ ಬದಲಾವಣೆ ವಿಷಯ ದಿನಪತ್ರಿಕೇಲಿ ಪ್ರಕಟ ಮಾಡಿ ಸಾರ್ವಜನಿಕರಿಂದ ಆಕ್ಷೇಪಣೆ ಕರೀಲೇಬೇಕು ಅಂತ 14ಎ ಹೇಳುತ್ತೆ. ಸಭೆ ಕರೀರಿ, ಮೈಕ್ ಕೊಡಿ ಅಂತ ಹೇಳಲ್ಲ. ನಮ್ಮ ಪಬ್ಲಿಕ್ ಹಿಯರಿಂಗ್ ಅಂದ್ರೆ ಆ ಪೇಪರ್ ನೋಟಿಸೇ. ಹಳ್ಳೀಲಿ ಡಂಗುರ ಹೊಡೆಸ್ತಿದ್ರಲ್ಲ, ಅದೇ ಇದು.

ಆದ್ರೆ ಈ ಡಂಗುರ ಯಾವ ಹೆಸರು ಕೂಗುತ್ತೆ ಗೊತ್ತಾ?

[ಸ್ಕ್ರೀನ್ ಮೇಲೆ: "ಬೆಂಗಳೂರು ಪೂರ್ವ ತಾಲ್ಲೂಕು, ವರ್ತೂರು ಹೋಬಳಿ, ಬೆಳ್ಳಂದೂರು ಗ್ರಾಮ, ಸರ್ವೆ ನಂ..."]

ನಾನಿಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ಇದು ಗೊತ್ತಾದಾಗ ನಂಗೆ ನಿಜವಾಗ್ಲೂ ರೋಮಾಂಚನ ಆಯ್ತು. ನೋಟಿಸಲ್ಲಿ ಲೇಔಟ್ ಹೆಸರು, ಕ್ರಾಸು, ಪಿನ್‌ಕೋಡು ಹುಡುಕ್ತಾ ಕೂತ್ರೆ ಸಿಗಲ್ಲ. ಅಲ್ಲಿರೋದು ಗ್ರಾಮ, ಹೋಬಳಿ, ಸರ್ವೆ ನಂಬರ್. ಎಲೆಕ್ಟ್ರಾನಿಕ್ ಸಿಟೀಲಿ ಕೆಲಸ ಮಾಡೋರಿಗೆ ತಾವು ದಿನಾ ಹೋಗಿ ಬರೋದು ಬೇಗೂರು ಹೋಬಳಿ ದೊಡ್ಡತೋಗೂರು ಗ್ರಾಮಕ್ಕೆ ಅಂತ ಎಷ್ಟು ಜನಕ್ಕೆ ಗೊತ್ತು? ವೈಟ್‌ಫೀಲ್ಡ್ ಟೆಕ್ ಪಾರ್ಕ್ ನಿಂತಿರೋದು ಕೃಷ್ಣರಾಜಪುರ ಹೋಬಳಿಯ ಪಟ್ಟಂದೂರು ಅಗ್ರಹಾರದಲ್ಲಿ. ಬಿಟಿಎಂ ಅನ್ನೋದೇ ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರು ಊರಿನ ಮೊದಲಕ್ಷರ! ನಾವು ಆ ಮೂರಕ್ಷರಾನ ದಿನಾ ಬಸ್ ಬೋರ್ಡಲ್ಲಿ ಓದ್ತೀವಿ, ಊರುಗಳನ್ನ ಮರ್ತಿದೀವಿ, ಆದ್ರೆ ಕಂದಾಯ ಇಲಾಖೆ ಮರ್ತಿಲ್ಲ, ನಿಮ್ಮ ಅಪಾರ್ಟ್‌ಮೆಂಟ್ ಕೆಳಗೆ ಇವತ್ತಿಗೂ ಆ ಹಳೇ ಹೊಲದ ನಂಬರೇ ಮಲ್ಕೊಂಡಿದೆ. ಹಾಗಾಗಿ ಪಕ್ಕದ ಜಾಗಕ್ಕೆ ನೋಟಿಸ್ ಬಂದ್ರೂ ನಾವು ಅದು ಯಾವ್ದೋ ದೂರದ ಹಳ್ಳೀದು ಅಂದ್ಕೊಂಡು ಪುಟ ತಿರುಗಿಸ್ತೀವಿ.

ದಯವಿಟ್ಟು ಇದೊಂದು ಮಾಡಿ. ಸರ್ವೆ ಇಲಾಖೆಯ ದಿಶಾಂಕ್ ಆಪ್ ಹಾಕ್ಕೊಳ್ಳಿ, ಮನೆ ಮುಂದೆ ನಿಂತು ತೆಗೀರಿ, ಸರ್ವೆ ನಂಬರ್ ತೋರ್ಸುತ್ತೆ. ಇಲ್ಲಾಂದ್ರೆ ಕ್ರಯಪತ್ರದ ಶೆಡ್ಯೂಲ್‌ನಲ್ಲಿ ಚೆಕ್ಕುಬಂದಿ, ಅಂದ್ರೆ ಜಾಗದ ನಾಲ್ಕೂ ಕಡೆ ಏನಿದೆ ಅನ್ನೋ ವಿವರ, ಅದ್ರ ಜೊತೆಗೇ ಇರುತ್ತೆ. ಬರೆದು ಫ್ರಿಡ್ಜ್ ಮೇಲೆ ಅಂಟಿಸಿ.

ನೋಟಿಸ್ ಕಣ್ಣಿಗೆ ಬಿತ್ತು ಅಂದ್ಕೊಳ್ಳಿ, ಅದ್ರಲ್ಲಿ ಬರೆದಿರೋ ದಿನದೊಳಗೆ ಲಿಖಿತವಾಗಿ ಆಕ್ಷೇಪಣೆ ಕೊಡಿ, ಪ್ರಾಧಿಕಾರದ ಆಫೀಸಿನ ಟಪಾಲು ವಿಭಾಗದಲ್ಲಿ ಸೀಲ್ ಹಾಕಿಸ್ಕೊಂಡು ಒಂದು ಕಾಪಿ ಇಟ್ಕೊಳ್ಳಿ. "ನಮಗೆ ತೊಂದ್ರೆ ಆಗುತ್ತೆ" ಅಂತ ಬರೆದ್ರೆ ಸಾಲಲ್ಲ. ರಸ್ತೆ ಎಷ್ಟು ಅಡಿ, ರಾಜಕಾಲುವೆ ಎಲ್ಲಿ ಹಾದುಹೋಗುತ್ತೆ, ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತೆ, ಅಳತೆ ಹಾಕಿ, ಫೋಟೋ ಇಡಿ, ಖುದ್ದಾಗಿ ಹೇಳೋಕೆ ಅವಕಾಶ ಕೊಡಿ ಅಂತಾನೂ ಸೇರ್ಸಿ.

ಇಷ್ಟೊತ್ತು ನೆರೆಹೊರೆಯವ್ರ ಪರ ಆಯ್ತು, ಈಗ ಅರ್ಜಿ ಹಾಕೋ ಮಾಲೀಕರಿಗೆ. ಕಾಯ್ದೆ ಒಪ್ಪೋ ಕಾರಣಗಳಲ್ಲಿ ಮುಖ್ಯವಾದವು ಇವು: ನಕ್ಷೆ ಬರೆಯುವಾಗ ಆದ ತಪ್ಪು, ಬರವಣಿಗೆ ತಪ್ಪು, ಪ್ಲಾನಲ್ಲಿ ಪೂರ್ತಿ ತೋರಿಸದೇ ಬಿಟ್ಟಿದ್ದು, ಇಲ್ಲಾ ಆ ಕಾಲದ ಪರಿಸ್ಥಿತಿ. ಇದ್ರ ಮೇಲೆ ಒಂದು ಷರತ್ತು, ಬದಲಾವಣೆ ಸಾರ್ವಜನಿಕ ಹಿತಕ್ಕಿರ್ಬೇಕು. "ರೇಟ್ ಜಾಸ್ತಿ ಆಗುತ್ತೆ" ಅನ್ನೋದು ಕಾರಣವೇ ಅಲ್ಲ. ಪಾರ್ಕಿಗೆ ಅಂತ ಗುರುತಾಗಿರೋ ಜಾಗ ಆದ್ರಂತೂ ಇನ್ನೂ ಕಷ್ಟ. ರಾಜಮಹಲ್ ವಿಲಾಸ್ ಬಡಾವಣೇಲಿ ಪಾರ್ಕಿಗೆ ಬಿಟ್ಟಿದ್ದ ಜಾಗಾನ ಸರ್ಕಾರ ನರ್ಸಿಂಗ್ ಹೋಮ್ ಕಟ್ಟೋಕೆ ಅಂತ ಬೆಂಗಳೂರು ಮೆಡಿಕಲ್ ಟ್ರಸ್ಟ್‌ಗೆ ಕೊಡಿಸ್ತು, ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು, 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಕಡೆ ತೀರ್ಪು ಕೊಡ್ತು. ಪ್ರಶ್ನೆ ಕೇಳೋ ಹಕ್ಕು ಅಲ್ಲಿ ವಾಸ ಮಾಡೋರಿಗೆ ಇದೆ ಅಂತಾನೂ ಹೇಳ್ತು. ಬೆಂಗಳೂರಿನ ಒಂದು ಪಾರ್ಕಿನ ಜಗಳ ದೇಶಕ್ಕೇ ಕಾನೂನಾಯ್ತು, ನಂಗೆ ಇದು ಬಹಳ ಹೆಮ್ಮೆ.

ಟೈಮ್ ಆಗ್ತಿದೆ, ಉಳಿದಿದ್ದು ಒಟ್ಟಿಗೆ ಹೇಳ್ತೀನಿ. ಅರ್ಜಿ ಜೊತೆ ಕ್ರಯಪತ್ರ, ಪಹಣಿ, ಇಸಿ (ಋಣಭಾರ ಪ್ರಮಾಣಪತ್ರ), ಸರ್ವೆ ಸ್ಕೆಚ್, ಗ್ರಾಮ ನಕ್ಷೆ ರೆಡಿ ಇಟ್ಕೊಳ್ಳಿ. ಸ್ಥಳ ಪರಿಶೀಲನೆ, ಪ್ರಕಟಣೆ, ಆಕ್ಷೇಪಣೆ ಆದ್ಮೇಲೆ ಪ್ರಾಧಿಕಾರ ತೀರ್ಮಾನ ಮಾಡಿದ್ರೂ ಮುಗೀಲಿಲ್ಲ, ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು, ಫೈಲು ನಗರಾಭಿವೃದ್ಧಿ ಇಲಾಖೆಗೆ ಹೋಗುತ್ತೆ, ಬದಲಾವಣೆಗೆ ಶುಲ್ಕಾನೂ ಇದೆ. ಆಮೇಲೆ ಡಿಸಿ ಕನ್ವರ್ಷನ್ ಅನ್ನೋದು ಬೇರೇನೇ, ಅದು 1964ರ ಭೂ ಕಂದಾಯ ಕಾಯ್ದೆಯ ಸೆಕ್ಷನ್ 95, ಕೃಷಿ ಜಮೀನನ್ನ ಕೃಷಿಯೇತರ ಮಾಡೋದು. ಬ್ರೋಕರ್ "ಸಿಎಲ್‌ಯು ಆಗಿದೆ" ಅಂದ್ರೆ ಕನ್ವರ್ಷನ್ ಆರ್ಡರ್ ಕೇಳಿ, "ಕನ್ವರ್ಷನ್ ಆಗಿದೆ" ಅಂದ್ರೆ ಪ್ಲಾನಲ್ಲಿ ಬಣ್ಣ ಏನು ಅಂತ ಕೇಳಿ.

ಸರ್ಜಾಪುರ ರೋಡಿನ ನಮ್ಮ ವೀಕ್ಷಕರಿಗೆ: ಮೂರು ಕಡೆ ಅಪಾರ್ಟ್‌ಮೆಂಟ್ ಇದೆ ಅನ್ನೋದನ್ನ "ಪರಿಸ್ಥಿತಿ" ಅಂತ ಬರೀಬಹುದು, ಆದ್ರೆ ಆ ಮೂರಕ್ಕೂ ಪ್ಲಾನಲ್ಲಿ ಯಾವ ಬಣ್ಣ ಇತ್ತು, ಬದಲಾಗಿದ್ರೆ ಯಾವ ಆರ್ಡರ್‌ನಿಂದ ಅಂತ ಮೊದಲು ಹುಡುಕಿ, ಆರ್‌ಟಿಐ ಹಾಕಿ. ಆ ಉತ್ತರ ಕೈಗೆ ಬಂದ ದಿನ ನಂಗೊಂದು ವಾಯ್ಸ್ ಮೆಸೇಜ್ ಕಳಿಸಿ, ಅರ್ಜಿ ಹೇಗೆ ಬರೆಯೋದು ಅಂತ ಆ ಕಾಗದ ಇಟ್ಕೊಂಡೇ ಇನ್ನೊಂದು ವಿಡಿಯೋ ಮಾಡೋಣ.